ಗೇರುಬೀಜ ಬಿಡಿಸಿದ್ದು ಭಾನುವಾರ, ಗುಳ್ಳೆ ಎದ್ದದ್ದು ಮಂಗಳವಾರ

ಪ್ರಶ್ನೆ: ಸುವರ್ಣಗೆಡ್ಡೆ ಹೆಚ್ಚಿದರೆ ನನ್ನ ಕೈ ಕೂಡಲೇ ತುರಿಸುತ್ತದೆ. ಅತ್ತೆ ಹುಣಸೆಹಣ್ಣು ಉಜ್ಜಿಕೋ ಅನ್ನುತ್ತಾರೆ. ಕಳೆದ ತಿಂಗಳು ಒಂದು ಭಾನುವಾರ ನಾನೂ ನಮ್ಮ ಯಜಮಾನರೂ ಕೂತು ಹಸಿ ಗೇರುಬೀಜ ಬಿಡಿಸಿದೆವು. ಆ ದಿನ ಏನೂ ಆಗಲಿಲ್ಲ. ಮಂಗಳವಾರ ಬೆಳಗ್ಗೆ ನನ್ನ ಬೆರಳ ಸಂದಿ, ಕುತ್ತಿಗೆ, ಕಣ್ಣಿನ ರೆಪ್ಪೆ ಎಲ್ಲ ಕೆಂಪಾಗಿ ನೀರುಗುಳ್ಳೆ ಎದ್ದವು. ಹಿಂದಿನ ದಿನ ತಿಂದ ಬದನೆಕಾಯಿ ನಂಜು ಅಂತ ಮನೆಯಲ್ಲಿ ಹೇಳಿದರು. ಯಜಮಾನರಿಗೆ ಏನೂ ಆಗಿಲ್ಲ. ಒಂದೇ ವಸ್ತು ಇಬ್ಬರೂ ಮುಟ್ಟಿದರೂ ಹೀಗೇಕೆ? ಗುಳ್ಳೆಯ ನೀರು ತಾಗಿ ಮಗುವಿಗೂ ಬರುತ್ತದಾ? ಎಲ್ಲದಕ್ಕೂ ಹುಣಸೆಹಣ್ಣು ಸಾಕಾ?
(ಸಾಗರದ ಕಡೆಯ ಓದುಗರು)

ಉತ್ತರ: ಬದನೆಕಾಯಿಯನ್ನು ಮೊದಲು ಬಿಟ್ಟುಬಿಡೋಣ. ನೀವು ಬರೆದ ಲಕ್ಷಣಕ್ಕೆ ಅದು ಕಾರಣ ಇರಲಾರದು. ಭಾನುವಾರದ ಗೇರುಬೀಜವೇ ಕಾರಣ ಅನ್ನಲು ನಿಮ್ಮ ಪತ್ರದಲ್ಲೇ ಸಾಕಷ್ಟು ಸುಳಿವಿದೆ.

ಚರ್ಮದ ತೊಂದರೆ ಅಂತ ಬರುವವರು ‘ಏನು ಮುಟ್ಟಿದೆ’ ಅಂತ ತಲೆ ಕೆಡಿಸಿಕೊಂಡು ಬರುತ್ತಾರೆ. ನಾನು ಮೊದಲು ಕೇಳುವುದು ಬೇರೆ: ಮುಟ್ಟಿ ಎಷ್ಟು ಹೊತ್ತಿಗೆ ಶುರುವಾಯಿತು? ಕೂಡಲೇ ಬಂತಾ, ಸಂಜೆ ಹೊತ್ತಿಗೆ ಬಂತಾ, ಎರಡು ದಿನ ಬಿಟ್ಟು ಬಂತಾ? ಈ ಅಂತರ ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಯಾಕೆಂದರೆ ಉರಿ, ತುರಿಕೆ, ಗುಳ್ಳೆ ಹೊರಗೆ ಒಂದೇ ಥರ ಕಂಡರೂ ಒಳಗೆ ನಡೆಯುವ ಕೆಲಸ ಬೇರೆ ಬೇರೆ. ಔಷಧಿಯೂ ಬೇರೆ.

ಸುವರ್ಣಗೆಡ್ಡೆಯದು ಕೂಡಲೇ ಬರುವ ಜಾತಿ. ಆ ಗೆಡ್ಡೆಯಲ್ಲಿ, ಕೆಸುವಿನ ಎಲೆ ದಂಟುಗಳಲ್ಲಿ, ಕ್ಯಾಲ್ಸಿಯಂ ಆಕ್ಸಲೇಟ್‌ನ ಹರಳುಗಳಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ, ಎರಡೂ ತುದಿ ಚೂಪಾದ ಸೂಜಿಗಳು. ಒಂದೊಂದು ಕೋಶದಲ್ಲಿ ಕಟ್ಟು ಕಟ್ಟಾಗಿ ಕೂತಿರುತ್ತವೆ. ಚಾಕು ತಾಗಿದಾಗ ಹೊರಗೆ ಬಂದು ಚರ್ಮಕ್ಕೆ ಚುಚ್ಚುತ್ತವೆ. ಜೊತೆಗೆ ಗೆಡ್ಡೆಯ ರಸವೂ ಆ ತೂತಿನಲ್ಲಿ ಒಳಗೆ ಹೋಗಿ ತುರಿಕೆ ಜಾಸ್ತಿ ಮಾಡುತ್ತದೆ. ಇದು ಅಲರ್ಜಿ ಅಲ್ಲ. ನಿಮಗೂ ಚುಚ್ಚುತ್ತದೆ, ನಿಮ್ಮ ಅತ್ತೆಗೂ ಚುಚ್ಚುತ್ತದೆ. ಅವರ ಅಂಗೈ ಕೆಲಸ ಮಾಡಿ ಮಾಡಿ ದಪ್ಪಗಾಗಿದ್ದರೆ ಕಡಿಮೆ ಗೊತ್ತಾಗಬಹುದು, ಅಷ್ಟೇ.

ಈ ಹರಳು ನೀರಿನಲ್ಲಿ ಕರಗುವುದಿಲ್ಲ. ಹುಣಸೆಯಂಥ ಮೆದು ಹುಳಿಯಲ್ಲೂ ಅಷ್ಟಾಗಿ ಕರಗುವುದಿಲ್ಲ. ಆದರೆ ಹುಣಸೆ ನೀರಿನಿಂದ ಹಾಯಾಗುತ್ತದೆ ಅನ್ನುವವರು ಬಹಳ ಜನ ಇದ್ದಾರೆ. ಚರ್ಮ ಒಡೆದಿಲ್ಲದಿದ್ದರೆ ಹಚ್ಚಿಕೊಂಡರೆ ನಷ್ಟವಿಲ್ಲ, ಅತ್ತೆಯವರ ಮಾತೂ ಉಳಿಯುತ್ತದೆ. ಪತ್ರೊಡೆಗೆ, ಕರಕಲಿಗೆ ಹುಳಿ ಹಾಕಿ ಚೆನ್ನಾಗಿ ಬೇಯಿಸುವ ಪದ್ಧತಿ ಬಾಯಿ ತುರಿಸದಿರಲಿ ಅಂತಲೇ ಬಂದದ್ದು. ಆದರೆ ತುರಿಕೆ ಬಂದ ಮೇಲೆ ಪರದಾಡುವುದಕ್ಕಿಂತ ಹೆಚ್ಚುವ ಮುಂಚೆ ಒಣಗಿದ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ಒಳ್ಳೆಯದು. ಗ್ಲೌಸ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ತುರಿಕೆ ಹೆಚ್ಚೆಂದರೆ ಕೆಲವು ಗಂಟೆ ಇದ್ದು ತಾನೇ ಹೋಗುತ್ತದೆ.

ಮೆಣಸಿನಕಾಯಿಯೂ ಕೂಡಲೇ ಉರಿಸುತ್ತದೆ. ಆದರೆ ಅಲ್ಲಿ ಯಾವುದೂ ಚುಚ್ಚುವುದಿಲ್ಲ, ನಿಜವಾಗಿ ಸುಡುವುದೂ ಇಲ್ಲ. ಚರ್ಮದ ನರಗಳ ತುದಿಯಲ್ಲಿ ಬಿಸಿ ತಿಳಿಯುವ ಒಂದು ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ಅದು ತೆರೆದುಕೊಂಡು ‘ಸುಡುತ್ತಿದೆ’ ಅಂತ ಮಿದುಳಿಗೆ ಸುದ್ದಿ ಕಳಿಸುತ್ತದೆ. ಮೆಣಸಿನಲ್ಲಿರುವ ಕ್ಯಾಪ್ಸೈಸಿನ್ ಬಿಸಿ ಇಲ್ಲದೆಯೇ ಅದೇ ಬಾಗಿಲನ್ನು ತೆರೆಯುತ್ತದೆ. ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಪತ್ತೆ ಮಾಡಿತು. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಅವರು ಆರ್ಡೆಮ್ ಪಟಪೌಟಿಯನ್ ಜೊತೆ ಹಂಚಿಕೊಂಡರು. ಉಪ್ಪಿನಕಾಯಿ ಹಾಕಿದ ಕೈಯನ್ನು ಬಿಸಿನೀರಿಗೆ ಹಿಡಿದರೆ ಉರಿ ನೆತ್ತಿಗೇರುವುದು ಇದಕ್ಕೇ. ಆಗಲೇ ಕೆರಳಿದ ಬಾಗಿಲಿಗೆ ನಿಜವಾದ ಬಿಸಿಯೂ ಸೇರುತ್ತದೆ.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಮೊದಲು ಅಡುಗೆ ಎಣ್ಣೆ ಹಚ್ಚಿ ತಿಕ್ಕಿ, ಒರೆಸಿ, ಆಮೇಲೆ ಸೋಪು, ಆಮೇಲೆ ತಣ್ಣೀರು. ಬ್ಯಾಡಗಿ ಮೆಣಸಾದರೆ ಬಣ್ಣ ಜಾಸ್ತಿ, ಖಾರ ಕಡಿಮೆ, ಕೈಗೂ ಅಷ್ಟು ಕಾಟವಿಲ್ಲ. ಗುಂಟೂರು ಮೆಣಸಿನ ತೊಟ್ಟು ಬಿಡಿಸಿದ ದಿನ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಸ್ವಲ್ಪ ಹುಷಾರು.

ಕಾಡಂಚಿನ ನಸುಗುನ್ನಿಯದು ಮೂರನೆಯ ಬಗೆ. ಕಾಯಿಯ ಮೇಲಿನ ಕಂದು ರೋಮ ಚರ್ಮಕ್ಕೆ ಹತ್ತಿ ಪ್ರೋಟೀನ್ ಕತ್ತರಿಸುವ ಒಂದು ಕಿಣ್ವವನ್ನು ಬಿಡುತ್ತದೆ. ತುರಿಕೆಗೆ ಸಾಮಾನ್ಯವಾಗಿ ನುಂಗುವ ಅಲರ್ಜಿ ಮಾತ್ರೆ ಹಿಸ್ಟಮಿನ್ ಅನ್ನುವ ವಸ್ತುವನ್ನು ತಡೆಯುವಂಥದ್ದು. ನಸುಗುನ್ನಿಯ ತುರಿಕೆಗೆ ಹಿಸ್ಟಮಿನ್ ಮುಖ್ಯ ಕಾರಣವೇ ಅಲ್ಲ. ಹಾಗಾಗಿ ಮಾತ್ರೆಯಿಂದ ಹೆಚ್ಚು ಉಪಯೋಗ ಕಾಣುವುದಿಲ್ಲ. ಕೈಯಿಂದ ತಿಕ್ಕಿದರೆ ರೋಮ ಇನ್ನಷ್ಟು ಕಡೆ ಹರಡುತ್ತದೆ. ಅಂಟು ಟೇಪು ಒತ್ತಿ ಕಿತ್ತರೆ ರೋಮ ಎದ್ದು ಬರುತ್ತದೆ. ಆಮೇಲೆ ತೊಳೆಯಿರಿ.

ಇವು ಮೂರೂ ಎಷ್ಟೇ ಕಾಡಿದರೂ ಬಂದ ಕೂಡಲೇ ಗೊತ್ತಾಗುತ್ತವೆ, ಬೇಗ ಹೋಗುತ್ತವೆ. ನನಗೆ ನಿಜವಾಗಿ ಭಯ ಇರುವುದು ಮುಟ್ಟಿದಾಗ ಸುಮ್ಮನಿದ್ದು ಆಮೇಲೆ ಕೆಲಸ ತೋರಿಸುವ ವಸ್ತುಗಳ ಬಗ್ಗೆ. ಹಸಿ ಸಿಮೆಂಟ್ ಅದರಲ್ಲಿ ಮೊದಲನೆಯದು. ನೀರು ಬಿದ್ದ ಸಿಮೆಂಟ್ ಗಟ್ಟಿ ಕ್ಷಾರ. ಆಮ್ಲ, ಕ್ಷಾರ ಅಳೆಯುವ ಪಿಎಚ್ ಅನ್ನುವ 14ರ ಅಳತೆಯಲ್ಲಿ ಅದು 12ರಿಂದ 13ರ ತನಕ ಇರುತ್ತದೆ. ಗಾರೆ ಕೆಲಸದವರು ಮಂಡಿಯೂರಿ ನೆಲ ಹಾಕುತ್ತಾರೆ, ಪ್ಯಾಂಟು ನೆನೆಯುತ್ತದೆ, ಗಮ್‌ಬೂಟಿನೊಳಗೆ ಸಿಮೆಂಟ್ ಹಾಲು ಇಳಿಯುತ್ತದೆ. ನೋವು ಇರುವುದಿಲ್ಲ. ಸಂಜೆ ಬಟ್ಟೆ ಬಿಚ್ಚಿದಾಗ ಮಂಡಿಯ ಚರ್ಮ ಕಪ್ಪಾಗಿ ಸುಟ್ಟಿರುತ್ತದೆ. ಆಮ್ಲ ತಾಗಿದರೆ ಮೇಲಿನ ಪ್ರೋಟೀನ್ ಗರಣೆಗಟ್ಟಿ, ಮುಂದೆ ಇಳಿಯಲು ಸ್ವಲ್ಪ ತಡೆಯಾಗುತ್ತದೆ. ಕ್ಷಾರಕ್ಕೆ ಆ ತಡೆಯಿಲ್ಲ. ಅದು ಚರ್ಮದ ಕೊಬ್ಬನ್ನೇ ಸೋಪು ಮಾಡಿಕೊಂಡು ಆಳಕ್ಕೆ ಇಳಿಯುತ್ತದೆ. ಒಣ ಪುಡಿಯಾದರೆ ಮೊದಲು ಝಾಡಿಸಿ. ಆಮೇಲೆ ನೆಂದ ಬಟ್ಟೆ, ಬೂಟು ತೆಗೆದು ಹರಿಯುವ ನೀರಲ್ಲಿ ಕನಿಷ್ಠ 20 ನಿಮಿಷ ತೊಳೆಯಬೇಕು. ಕ್ಷಾರಕ್ಕೆ ಹುಳಿ ಮದ್ದು ಅಂತ ಲಿಂಬೆಹಣ್ಣು ಹಿಂಡುವುದು ಬೇಡ. ಗಾಯದ ಮೇಲೆ ಇನ್ನೊಂದು ಗಾಯವಾದೀತು.

ಎಲೆ ಅಡಿಕೆಗೆ ಇಡುವ ಸುಣ್ಣದ್ದೂ ಇದೇ ಗುಣ. ಚರ್ಮಕ್ಕಿಂತ ಕಣ್ಣಿಗೆ ಅದು ಅಪಾಯ. ಪ್ಲಾಸ್ಟಿಕ್ ಪೊಟ್ಟಣವನ್ನೋ ಟ್ಯೂಬನ್ನೋ ಮಕ್ಕಳು ಹಿಚುಕಿ ಆಡುತ್ತಾರೆ, ಅದು ಪಟ್ ಅಂತ ಒಡೆದು ಕಣ್ಣಿಗೆ ಹಾರುತ್ತದೆ. ಹಾಗಾದರೆ ಆಸ್ಪತ್ರೆಗೆ ಓಡುವ ಮುಂಚೆ ಅಲ್ಲೇ ನಲ್ಲಿ ಕೆಳಗೆ ಕಣ್ಣು ತೆರೆಸಿ ನೀರು ಹಾಯಿಸಿ, ಕಡಿಮೆ ಅಂದರೂ 20 ನಿಮಿಷ. ಕಣ್ಣು ಉಜ್ಜಲು ಬಿಡಬೇಡಿ. ಆಮೇಲೆ ಹೊರಡಿ. ಮೊದಲ ಕೆಲವು ನಿಮಿಷದ ನೀರು ಉಳಿಸಿದಷ್ಟು ದೃಷ್ಟಿಯನ್ನು ಆಮೇಲೆ ಯಾವ ಡಾಕ್ಟರೂ ಉಳಿಸಲಾರರು. ಅಡಿಕೆ ತಟ್ಟೆ ಇರುವ ಮನೆಗಳಲ್ಲಿ ಈ ಮಾತನ್ನು ದಯವಿಟ್ಟು ಎಲ್ಲರಿಗೂ ಹೇಳಿ.

ಈಗ ನಿಮ್ಮ ಗೇರುಬೀಜ.

ಗೇರಿನ ಸಿಪ್ಪೆಯ ಪದರದಲ್ಲಿ ಕಪ್ಪನೆ ಅಂಟು ಎಣ್ಣೆ ಇರುತ್ತದೆ. ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್ ಅದರ ಮುಖ್ಯ ವಸ್ತುಗಳು. ಇವು ಎರಡು ಕೆಲಸ ಮಾಡುತ್ತವೆ. ಜಾಸ್ತಿ ತಾಗಿದರೆ ಯಾರ ಚರ್ಮವನ್ನಾದರೂ ಸುಡುತ್ತವೆ. ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆ ಒಡೆಯುವವರು ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಬಳಿದುಕೊಳ್ಳುವುದು ಈ ಸುಡುವ ಗುಣಕ್ಕೆ ಹೆದರಿ. ಎರಡನೆಯದು ಅಲರ್ಜಿ. ಅದಕ್ಕೆ ತುಂಬ ಎಣ್ಣೆ ಬೇಕಾಗಿಲ್ಲ, ಸೋಂಕಿದರೂ ಸಾಕು. ಆದರೆ ಎಲ್ಲರಿಗೂ ಆಗುವುದಿಲ್ಲ.

ಈ ಅಲರ್ಜಿ ನಡೆಯುವುದು ಹೀಗೆ. ಎಣ್ಣೆಯ ಅಣು ಚರ್ಮದೊಳಗೆ ಇಳಿದು ನಿಮ್ಮದೇ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದ ಕಾವಲು ಕೋಶಗಳು ಇದು ಪರಕೀಯ ಅಂತ ತಿಳಿದು ಹತ್ತಿರದ ದುಗ್ಧಗ್ರಂಥಿಗೆ (ಕಂಕುಳಲ್ಲಿ, ಕುತ್ತಿಗೆಯಲ್ಲಿ ಇರುವಂಥ ಗಂಟಿಗೆ) ಸುದ್ದಿ ಒಯ್ಯುತ್ತವೆ. ಅಲ್ಲಿ ಟಿ ಕೋಶಗಳು, ಅಂದರೆ ದೇಹವನ್ನು ಕಾಯುವ ಒಂದು ಬಗೆಯ ಬಿಳಿ ರಕ್ತಕಣಗಳು, ಅದರ ಗುರುತು ಕಲಿಯುತ್ತವೆ. ಈ ಕಲಿಕೆಗೆ ಸುಮಾರು ಎರಡು ವಾರ ಬೇಕು. ಆ ಸಲ ಸಾಮಾನ್ಯವಾಗಿ ಏನೂ ಕಾಣುವುದೂ ಇಲ್ಲ. ಆದರೆ ಸಾಲ ಮಾಡಿ ಓಡಿಹೋದವನ ಮುಖ ಅಂಗಡಿಯವನಿಗೆ ಮರೆಯುವುದಿಲ್ಲವಲ್ಲ, ಈ ಕೋಶಗಳೂ ಹಾಗೇ. ಮುಂದೆ ಯಾವತ್ತೋ ಅದೇ ಎಣ್ಣೆ ತಾಗಿದರೆ ಗುರುತು ಹಿಡಿದು ಅಲ್ಲಿಗೆ ಧಾವಿಸುತ್ತವೆ. ಅವು ಬಂದು ಸೇರಿ, ಊತ ಎಬ್ಬಿಸಿ, ಗುಳ್ಳೆ ಮೇಲೆ ಬರಲು ಒಂದು ದಿನದಿಂದ ಮೂರು ದಿನ ಹಿಡಿಯುತ್ತದೆ. ಭಾನುವಾರಕ್ಕೂ ಮಂಗಳವಾರಕ್ಕೂ ನಡುವಿನ ಅಂತರ ಇದೇ. ಸೋಮವಾರದ ಬದನೆಕಾಯಿ ಸುಮ್ನೆ ನಡುವೆ ಸಿಕ್ಕಿಬಿದ್ದಿದೆ.

ಯಜಮಾನರಿಗೆ ಯಾಕೆ ಇಲ್ಲ? ಅವರ ಟಿ ಕೋಶಗಳು ಇನ್ನೂ ಕಲಿತಿಲ್ಲ, ಅಷ್ಟೇ. ಮುಂದೆಯೂ ಕಲಿಯದೇ ಇರಬಹುದು. ಮುಂದಿನ ಸಲವೇ ಕಲಿಯಬಹುದು. ‘ಇಪ್ಪತ್ತು ವರ್ಷದಿಂದ ಮುಟ್ಟುತ್ತಿದ್ದೇನೆ, ಈಗ ಹೇಗೆ ಅಲರ್ಜಿ ಬರುತ್ತದೆ ಡಾಕ್ಟರೇ’ ಅಂತ ಕೇಳುವವರು ಬಹಳ. ಎಷ್ಟೋ ಸಲ ಮುಟ್ಟಿದ ಮೇಲೇ ಬರುತ್ತದೆ. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ಬೆರಳ ಸಂದಿ ಸರಿ, ಕುತ್ತಿಗೆ ಮತ್ತು ರೆಪ್ಪೆಗೆ ಹೇಗೆ ಹೋಯಿತು? ಬೀಜ ಬಿಡಿಸುತ್ತಾ ಬೆವರು ಒರೆಸಿಕೊಂಡಿರುತ್ತೀರಿ, ಕಣ್ಣು ಉಜ್ಜಿಕೊಂಡಿರುತ್ತೀರಿ. ಅಂಗೈ ಚರ್ಮ ದಪ್ಪ, ಅಲ್ಲಿ ಗುಳ್ಳೆ ಏಳದಿರಬಹುದು. ರೆಪ್ಪೆಯ ಚರ್ಮ ಇಡೀ ಮೈಯಲ್ಲೇ ತೀರಾ ತೆಳು. ಕೈಯಲ್ಲಿದ್ದ ವಸ್ತುವಿನ ಚಾಡಿಯನ್ನು ರೆಪ್ಪೆ ಹೇಳುವುದು ನಮ್ಮಲ್ಲಿ ಮಾಮೂಲು. ಉಗುರಿಗೆ ಹಚ್ಚಿದ ಪಾಲಿಶ್‌ಗೂ ಮೊದಲು ಊದುವುದು ಎಷ್ಟೋ ಸಲ ರೆಪ್ಪೆಯೇ.

ಗುಳ್ಳೆ ಒಡೆದ ನೀರಿನಿಂದ ಮಗುವಿಗೆ ಬರುವುದಿಲ್ಲ. ಆ ನೀರು ನಿಮ್ಮದೇ ದೇಹದ ದ್ರವ, ಅದರಲ್ಲಿ ಗೇರೆಣ್ಣೆ ಇರುವುದಿಲ್ಲ. ದಿನಕ್ಕೊಂದು ಹೊಸ ಜಾಗದಲ್ಲಿ ಗುಳ್ಳೆ ಏಳುವುದನ್ನು ನೋಡಿ ಹರಡುತ್ತಿದೆ ಅಂದುಕೊಳ್ಳುತ್ತಾರೆ. ತೆಳು ಚರ್ಮದಲ್ಲಿ ಬೇಗ, ದಪ್ಪ ಚರ್ಮದಲ್ಲಿ ತಡವಾಗಿ ಏಳುತ್ತದೆ ಅಷ್ಟೇ. ಆದರೆ ಎಣ್ಣೆ ಉಳಿದಿರುವ ಜಾಗಗಳಿವೆ: ಉಗುರಿನ ಸಂದಿ, ಈಳಿಗೆ ಮಣೆ, ಆವತ್ತು ಉಟ್ಟ ಬಟ್ಟೆ, ಕೈ ಒರೆಸಿದ ಟವೆಲು. ಅವನ್ನು ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಮುಂದಿನ ಸಲ ಎಣ್ಣೆ ತಾಗಿದ ಮೊದಲ ಹತ್ತು ಹದಿನೈದು ನಿಮಿಷದೊಳಗೆ ಸೋಪಿನಲ್ಲಿ ತೊಳೆದರೆ ಎಷ್ಟೋ ಕಡಿಮೆಯಾಗುತ್ತದೆ. ಹುಣಸೆಹಣ್ಣು ಇಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಒಡೆದ ಗುಳ್ಳೆಗೆ ಹುಳಿ ತಾಗಿದರೆ ಉರಿ ಬೇರೆ.

ನಿಮ್ಮ ಕಡೆಯವರು ಇನ್ನೊಂದನ್ನು ತಿಳಿದಿರಬೇಕು. ಗೇರಿನ ಕುಟುಂಬ ದೊಡ್ಡದು. ಮಾವು ಅದೇ ಕುಟುಂಬದ್ದು. ಮಾವಿನ ಸೊನೆ ತಾಗಿ ತುಟಿಯ ಸುತ್ತ ಗುಳ್ಳೆ ಏಳುವುದು ಹತ್ತಿರ ಹತ್ತಿರ ಇದೇ ಜಾತಿಯ ರಾಸಾಯನಿಕದಿಂದ. ಸಿಪ್ಪೆ ಕಚ್ಚದೆ, ಬೇರೆಯವರು ತೊಳೆದು ಹೆಚ್ಚಿಕೊಟ್ಟ ತಿರುಳು ತಿಂದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಮಲೆನಾಡಿನ ಕಾಡಿನ ಹೊಳೆಗೇರು ಮರವೂ ಇದೇ ಬಳಗ. ಅದರ ಕಪ್ಪು ಸೊನೆಗೆ ಸೌದೆ ಕಡಿಯುವವರು ಹೆದರುವುದು ಸರಿಯಾಗಿಯೇ ಇದೆ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು ಇನ್ನೊಂದು. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕನ್ ಸೈನಿಕರಿಗೆ ಕತ್ತಿನ ಹಿಂದೆ, ಸೊಂಟದಲ್ಲಿ ಚಿಕ್ಕ ಚಿಕ್ಕ ಗುಳ್ಳೆ ಏಳುತ್ತಿದ್ದವು. ಕಾರಣ ಅಂಗಿಯ ಮೇಲಿನ ಅಗಸರ ಗುರುತು. ಅವರಲ್ಲಿ ಎಷ್ಟೋ ಜನರ ಚರ್ಮ ಇದೇ ಕುಟುಂಬದ, ತಮ್ಮೂರಿನ ಪಾಯ್ಸನ್ ಐವಿ ಬಳ್ಳಿಯಿಂದ ಮೊದಲೇ ಈ ಪಾಠ ಕಲಿತಿತ್ತು. ಇದರ ತಿರುವು ಮುರುವೂ ಉಂಟು. ಅಮೆರಿಕದಲ್ಲಿರುವ ನಮ್ಮವರು ಅಲ್ಲಿನ ಕಾಡು ಸುತ್ತಿ ಪಾಯ್ಸನ್ ಐವಿ ತಗುಲಿಸಿಕೊಂಡ ಮೇಲೆ, ರಜೆಗೆ ಊರಿಗೆ ಬಂದು ಮಾವಿನಹಣ್ಣಿನ ಸಿಪ್ಪೆ ಚೀಪಿ ತುಟಿ ಊದಿಸಿಕೊಳ್ಳಬಹುದು.

ಗೋಡಂಬಿ ತಿಂದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದು, ಉಸಿರುಕಟ್ಟು ಬರುವುದು ಇದಲ್ಲ. ಅದು ಬೇರೆ ಬಗೆಯ ಅಲರ್ಜಿ, ಪ್ರಾಣಕ್ಕೇ ಅಪಾಯ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎರಡನ್ನೂ ಕಲಸಿಕೊಳ್ಳಬೇಡಿ.

ಎರಡು ದಿನ ಬಿಟ್ಟು ಬರುವ ಈ ಗುಂಪಿನಲ್ಲಿ ಗೇರಿನ ಜೊತೆಗಾರರು ಬೇಕಾದಷ್ಟಿದ್ದಾರೆ. ಫ್ಯಾನ್ಸಿ ಓಲೆ, ಜೀನ್ಸ್ ಗುಂಡಿ, ವಾಚಿನ ಪಟ್ಟಿಯ ನಿಕಲ್ ಲೋಹ ಎಲ್ಲಕ್ಕಿಂತ ಮಾಮೂಲು. ಬೆವರು ನಿಕಲ್ ಅನ್ನು ಕರಗಿಸುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಜಾಸ್ತಿ. ಹೇರ್ ಡೈಯಲ್ಲಿ ಪಿಪಿಡಿ ಅನ್ನುವ ವಸ್ತು ಇರುತ್ತದೆ. ಕಪ್ಪಗೆ ಬರಲಿ ಅಂತ ಕೆಲವು ಮೆಹೆಂದಿಗೂ ಅದನ್ನೇ ಬೆರೆಸುತ್ತಾರೆ. ಮನೆಯಲ್ಲಿ ಅರೆದ ಮೆಹೆಂದಿ ಸೊಪ್ಪಿನಿಂದ ಅಲರ್ಜಿ ತೀರಾ ಅಪರೂಪ. ಬೆಳ್ಳುಳ್ಳಿ ಸುಲಿಯುವವರಿಗೆ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿ ಮಾತ್ರ ಒಡೆಯುತ್ತದೆ. ಬಲಗೈಯಲ್ಲಿ ಚಾಕು ಇರುತ್ತದೆ, ಎಡಗೈಯಲ್ಲಿ ಎಸಳು.

ಕಾಂಗ್ರೆಸ್ ಗಿಡದ ವಿಷಯ ಹೇಳದಿದ್ದರೆ ಕರ್ನಾಟಕದ ಚರ್ಮರೋಗದ ಮಾತು ಮುಗಿಯುವುದಿಲ್ಲ. ಪಾರ್ಥೇನಿಯಂ ಅಂತ ಅದರ ಹೆಸರು. 1950ರ ದಶಕದಲ್ಲಿ ಪುಣೆಯ ಸುತ್ತ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಮೊದಲು ಬಿಟ್ಟರು. ಇದನ್ನು ಕೈಯಿಂದಲೇ ಮುಟ್ಟಬೇಕೆಂದಿಲ್ಲ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಬೆವರಿದ ಚರ್ಮಕ್ಕೆ ಕೂರುತ್ತದೆ. ರೆಪ್ಪೆ, ಕುತ್ತಿಗೆಯ ಮಡಿಕೆ, ಮೊಣಕೈ ಸಂದು ಕೆಂಪಾಗಿ ತುರಿಸುತ್ತವೆ. ವರ್ಷಾನುಗಟ್ಟಲೆ ಕಾಡಿದವರ ಮುಖದ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಸೇವಂತಿಗೆ ಅದೇ ಕುಟುಂಬದ ಹೂವು. ಹಾಗಾಗಿ ಪಾರ್ಥೇನಿಯಂ ಅಲರ್ಜಿ ಇರುವ ಕೆಲವರಿಗೆ ಸೇವಂತಿಗೆ ಕಟ್ಟಿದರೂ ಕೈ ಕೆರಳುತ್ತದೆ. ನಿಮ್ಮ ಪತ್ರದಲ್ಲೂ ಕುತ್ತಿಗೆ ಮತ್ತು ರೆಪ್ಪೆ ಇದೆ. ಗೇರುಬೀಜದ ಗೊಡವೆಗೆ ಹೋಗದಿದ್ದಾಗಲೂ ಅಲ್ಲೇ ತುರಿಸಿದರೆ ಹಿತ್ತಲು, ಬೇಲಿಬದಿ ಒಮ್ಮೆ ನೋಡಿ ಬನ್ನಿ.

ಬಿಸಿಲು ಸೇರಿದರೆ ಮಾತ್ರ ಕೆಲಸ ಮಾಡುವುದು ಲಿಂಬೆರಸ. ಪಾನಕಕ್ಕೆ ರಾಶಿ ಲಿಂಬೆ ಹಿಂಡಿ, ಕೈ ತೊಳೆಯದೆ ಬಿಸಿಲಲ್ಲಿ ನಿಂತರೆ ಒಂದೆರಡು ದಿನದಲ್ಲಿ ರಸ ಹರಿದ ದಾರಿಯಲ್ಲೇ ಉರಿ, ಗುಳ್ಳೆ, ಆಮೇಲೆ ಕಪ್ಪು ಗೀರು. ತುರಿಕೆ ಕಡಿಮೆ. ಕಲೆ ತಿಂಗಳುಗಟ್ಟಲೆ ಉಳಿಯಬಹುದು.

ಎಲ್ಲಕ್ಕಿಂತ ನಿಧಾನ ಸ್ಟಿಕರ್ ಬಿಂದಿ. ಅದರ ಅಂಟಿನಲ್ಲಿ ಬಳಸುವ ಒಂದು ಫೀನಾಲ್ ಜಾತಿಯ ರಾಸಾಯನಿಕ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಹಾಳು ಮಾಡಬಲ್ಲದು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಹಣೆಯಲ್ಲಿ ಬಿಂದಿಯ ಅಳತೆಗೇ ಬಿಳಿ ಮಚ್ಚೆ ಮೂಡುತ್ತದೆ. ಮಚ್ಚೆ ಮುಚ್ಚಲು ಇನ್ನೂ ದೊಡ್ಡ ಬಿಂದಿ ಇಡುತ್ತಾರೆ, ಮಚ್ಚೆಯೂ ದೊಡ್ಡದಾಗುತ್ತದೆ. ಬೇಗ ನಿಲ್ಲಿಸಿದರೆ ಬಣ್ಣ ಮರಳುವ ಸಾಧ್ಯತೆ ಇದೆ.

ಈಗಿನ ನಿಮ್ಮ ಗುಳ್ಳೆಗೆ ಬರೋಣ. ತಣ್ಣೀರಲ್ಲಿ ಅದ್ದಿದ ಹತ್ತಿಬಟ್ಟೆ ದಿನಕ್ಕೆ ಮೂರು ನಾಲ್ಕು ಸಲ ಹಾಕಿ. ಕ್ಯಾಲಮೈನ್ ಹಚ್ಚಬಹುದು, ಕಣ್ಣಿನ ಹತ್ತಿರ ಬೇಡ. ಅಲರ್ಜಿ ಮಾತ್ರೆಯಿಂದ ನಿದ್ದೆ ಬರುತ್ತದೆ, ಆದರೆ ಟಿ ಕೋಶದ ಈ ಗಲಾಟೆ ಅದರಿಂದ ನಿಲ್ಲುವುದಿಲ್ಲ. ಬೇಕಾಗುವುದು ಸ್ಟಿರಾಯ್ಡ್ ಕ್ರೀಮ್. ಯಾವ ಜಾಗಕ್ಕೆ ಎಷ್ಟು ಬಲದ್ದು, ಎಷ್ಟು ದಿನ ಅನ್ನುವುದನ್ನು ಡಾಕ್ಟರೇ ಹೇಳಬೇಕು. ರೆಪ್ಪೆಗಂತೂ ಕೇಳದೆ ಏನನ್ನೂ ಹಚ್ಚಬೇಡಿ. ಮೆಡಿಕಲ್ ಶಾಪಿನಲ್ಲಿ ‘ತುರಿಕೆಗೆ ಒಂದು ಟ್ಯೂಬು ಕೊಡಿ’ ಅಂದರೆ ಸಿಗುವುದು ಎಷ್ಟೋ ಸಲ ಬಲವಾದ ಸ್ಟಿರಾಯ್ಡ್, ಹುಳುಕಡ್ಡಿ ಔಷಧಿ, ಆಂಟಿಬಯೋಟಿಕ್ ಮೂರೂ ಬೆರೆಸಿದ ಕ್ರೀಮ್. ಎರಡು ದಿನ ಮ್ಯಾಜಿಕ್ ತೋರಿಸುತ್ತದೆ. ಹಾಗೇ ಮುಂದುವರಿಸಿದರೆ ಚರ್ಮ ತೆಳುವಾಗಿ ಬೇರೆ ರೋಗಕ್ಕೆ ದಾರಿ. ಕಣ್ಣು ಮುಚ್ಚುವಷ್ಟು ಊತ, ಕೀವು, ಜ್ವರ ಇದ್ದರೆ ನಾಳೆ ನೋಡೋಣ ಅನ್ನಬೇಡಿ.

ಗೇರೇನಾ ಬೇರೆಯದಾ ಅಂತ ಖಚಿತ ಬೇಕಿದ್ದರೆ ಪ್ಯಾಚ್ ಟೆಸ್ಟ್ ಇದೆ. ಯೋಸೆಫ್ ಯಾಡಾಸೋನ್ ಅನ್ನುವ ವೈದ್ಯರು 1895ರಲ್ಲಿ ತೋರಿಸಿಕೊಟ್ಟ ವಿಧಾನ, ಇವತ್ತಿಗೂ ಅದೇ ನಡೆಯುತ್ತಿದೆ. ಬೆನ್ನಿಗೆ ಸಣ್ಣ ಸಣ್ಣ ಬಟ್ಟಲಿನಲ್ಲಿ ಅಳತೆ ಮಾಡಿದ ವಸ್ತುಗಳನ್ನು ಅಂಟಿಸುತ್ತಾರೆ. 48 ಗಂಟೆಗೆ ತೆಗೆದು ನೋಡುತ್ತಾರೆ, 96 ಗಂಟೆಯ ಸುಮಾರಿಗೆ ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ಹಾಕುವಂತಿಲ್ಲ, ಬೆವರುವಂತಿಲ್ಲ. ಆದ್ದರಿಂದ ಗದ್ದೆ ಕೆಲಸ ಇಲ್ಲದ, ಸೆಖೆ ಕಡಿಮೆ ಇರುವ ವಾರ ನೋಡಿಕೊಳ್ಳಿ. ಗುಳ್ಳೆ ಪೂರ್ತಿ ಆರಿರಬೇಕು. ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ನೀವು ಬಳಸುವ ಹೇರ್ ಡೈ, ಬಿಂದಿಯ ಶೀಟು, ಮುಖಕ್ಕೆ ಹಚ್ಚುವ ಕ್ರೀಮ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಗೇರುಬೀಜದ ಹಸಿ ಸಿಪ್ಪೆಯನ್ನು ಮಾತ್ರ ತರಬೇಡಿ. ಅದರ ಎಣ್ಣೆಯನ್ನು ಹಾಗೇ ಬೆನ್ನಿಗೆ ಅಂಟಿಸಿದರೆ ಅಲರ್ಜಿ ಇಲ್ಲದ ನಿಮ್ಮ ಯಜಮಾನರ ಬೆನ್ನೂ ಸುಟ್ಟುಹೋಗುತ್ತದೆ.